ರ‍್ಯಾಪ್ ಆಲ್ಬಮ್: ಬೀಟ್ ಕಟ್ಟಿದವರ ಹೆಸರೂ ಅಚ್ಚಾಗಲಿ

ಸಂಪಾದಕರಿಗೆ,

ನಮಸ್ಕಾರ. ಹೊರದೇಶದ ರ‍್ಯಾಪ್ ಆಲ್ಬಮ್‌ಗಳ ಪರಿಚಯ ಈಗೀಗ ಕನ್ನಡ ಪತ್ರಿಕೆಗಳಲ್ಲೂ ಬರುತ್ತಿರುವುದು ಸಂತೋಷದ ವಿಷಯ. ಆದರೆ ಗಾಯಕರ ಬದಲು ಪ್ರೊಡ್ಯೂಸರ್ (ಬೀಟ್, ಅಂದರೆ ಹಾಡಿನ ಹಿಂದಿನ ಲಯ-ಸಂಗೀತ, ಕಟ್ಟುವವರು) ಹೆಸರಿನಲ್ಲಿ ಬಂದ ಆಲ್ಬಮ್ ಎದುರಾದಾಗ ಬರೆಯುವವರು ತಡವರಿಸುತ್ತಾರೆ. ಹಾಡಿದವರ ಪಟ್ಟಿ ಕೊಟ್ಟು, ತಾರೆಯರ ದಂಡೇ ಇದೆ ಎಂದು ಒಂದು ಮಾತು ಸೇರಿಸಿ ಮುಗಿಸಿಬಿಡುತ್ತಾರೆ. ಮುಖಪುಟದ ಮೇಲೆ ಯಾರ ಹೆಸರಿದೆಯೋ ಅವರು ಮಾಡಿದ ಕೆಲಸವೇನು ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ಬೆಂಗಳೂರಿನಲ್ಲಿ ಬೀಟ್ ಕಟ್ಟುವ, ಮಿಕ್ಸಿಂಗ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ) ಮಾಡುವ ನಾವು ಕೆಲವರು ಸೇರಿ, ಒಂದೇ ಆಲ್ಬಮ್ಮನ್ನು ಮುಂದಿಟ್ಟುಕೊಂಡು ಆ ಕೆಲಸದ ವಿವರ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ಜಾಗ ಕೊಡುತ್ತೀರೆಂದು ನಂಬಿದ್ದೇವೆ.

ಅಮೆರಿಕದ ಪ್ರೊಡ್ಯೂಸರ್ ಮೆಟ್ರೋ ಬೂಮಿನ್ ಅವರ ‘ಹೀರೋಸ್ ಆ್ಯಂಡ್ ವಿಲನ್ಸ್’ 2022ರ ಡಿಸೆಂಬರ್ 2ರಂದು ಹೊರಬಂದು, ಬಂದ ವಾರವೇ ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಒಂದನೇ ಸ್ಥಾನ ಹಿಡಿಯಿತು. 2018ರ ನವೆಂಬರ್‌ನಲ್ಲಿ ಬಂದ ಅವರ ಮೊದಲ ಆಲ್ಬಮ್ ‘ನಾಟ್ ಆಲ್ ಹೀರೋಸ್ ವೇರ್ ಕೇಪ್ಸ್’ ಕೂಡ ಹಾಗೆಯೇ ಒಂದನೇ ಸ್ಥಾನಕ್ಕೆ ಬಂದಿತ್ತು. ಮೆಟ್ರೋ ರ‍್ಯಾಪರ್ ಅಲ್ಲ, ಗಾಯಕರೂ ಅಲ್ಲ. 2022ರ ಆಲ್ಬಮ್‌ನಲ್ಲಿ ಬೋನಸ್ ಟ್ರ್ಯಾಕ್ ಸೇರಿ 15 ಟ್ರ್ಯಾಕ್, 13 ಅತಿಥಿಗಳು, ಜೊತೆಗೆ ನಿರೂಪಣೆಗೆ ನಟ ಮಾರ್ಗನ್ ಫ್ರೀಮನ್ ದನಿ. ಇಷ್ಟು ಹೆಸರು ನೋಡಿದವರಿಗೆ ಇದೊಂದು ಸಂಕಲನ ಅನ್ನಿಸುವುದು ಸಹಜ.

ಆದರೆ ಯಾವ ಟ್ರ್ಯಾಕ್‌ನಲ್ಲಿ ಯಾರಿದ್ದಾರೆ ಎಂದು ಒಂದು ಹಾಳೆಯ ಮೇಲೆ ಗುರುತು ಹಾಕಿಕೊಂಡು ನೋಡಿ. ಫ್ಯೂಚರ್ ನಾಲ್ಕು ಕಡೆ, ಟ್ರಾವಿಸ್ ಸ್ಕಾಟ್ ನಾಲ್ಕು ಕಡೆ, 21 ಸ್ಯಾವೇಜ್ ನಾಲ್ಕು ಕಡೆ, ಡಾನ್ ಟಾಲಿವರ್ ಮೂರು ಕಡೆ, ಯಂಗ್ ಥಗ್ ಎರಡು ಕಡೆ. 15ರಲ್ಲಿ 12 ಟ್ರ್ಯಾಕ್‌ಗಳು ಈ ಐದು ದನಿಗಳಲ್ಲೇ ನಡೆಯುತ್ತವೆ. ಐವರಲ್ಲಿ ಮೂವರು ಅಟ್ಲಾಂಟಾದವರು, ಸ್ಕಾಟ್ ಮತ್ತು ಟಾಲಿವರ್ ಹ್ಯೂಸ್ಟನ್ ಕಡೆಯವರು. ಅಮೆರಿಕದ ದಕ್ಷಿಣದ ಈ ಎರಡು ಊರುಗಳ ದನಿಗಳು ಮತ್ತೆ ಮತ್ತೆ ಬಂದು ಹೋಗುತ್ತಿರುವಾಗ, ನ್ಯೂಯಾರ್ಕ್‌ನ ಎಸ್ಯಾಪ್ ರಾಕಿ, ಟೊರಾಂಟೊದ ದಿ ವೀಕೆಂಡ್ ಮತ್ತು ಮುಸ್ತಫಾ, ಒಹಾಯೊದ ಜಾನ್ ಲೆಜೆಂಡ್ ತಲಾ ಒಂದೊಂದು ಸಲ ಬರುತ್ತಾರೆ. ಒಂದೇ ಟ್ರ್ಯಾಕ್‌ನಲ್ಲಿ ಬಂದು ಹೋಗುವ ದನಿಯನ್ನು ಕೇಳುಗ ಅತಿಥಿ ಎಂದು ಗುರುತಿಸುತ್ತಾನೆ. ಮೂರು ಸಲ ಬಂದವರು ಮನೆಯವರಾಗುತ್ತಾರೆ. ಹೆಸರಾಂತರನ್ನು ಒಂದೊಂದು ಹಾಡಿಗೆ ಒಬ್ಬೊಬ್ಬರಂತೆ ಹಂಚಿ ಕೈತೊಳೆದುಕೊಂಡ ಆಲ್ಬಮ್‌ಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದು. ಮೊದಲು ಹೇಳಬೇಕಾದ ಮಾತೂ ಇದೇ ಎಂದು ನಮಗೆ ಅನ್ನಿಸುತ್ತದೆ.

ದಕ್ಷಿಣದಲ್ಲಿ ಪ್ರೊಡ್ಯೂಸರ್‌ಗೆ ಇಷ್ಟು ತೂಕ ಬಂದಿರುವುದಕ್ಕೆ ಕಾರಣವಿದೆ. ನ್ಯೂಯಾರ್ಕ್‌ನ ರ‍್ಯಾಪರ್‌ಗಳು ಒಂದೇ ಆಲ್ಬಮ್‌ಗೆ ಹತ್ತು ಜನ ಪ್ರೊಡ್ಯೂಸರ್‌ಗಳಿಂದ ಬೀಟ್ ತರಿಸಿಕೊಳ್ಳುತ್ತಿದ್ದ 1990ರ ದಶಕದಲ್ಲೂ ದಕ್ಷಿಣದ ಲೇಬಲ್‌ಗಳೂ (ಹಾಡು ಹೊರತರುವ ಕಂಪನಿಗಳು) ತಂಡಗಳೂ ಬಹುಮಟ್ಟಿಗೆ ಒಂದೇ ಮನೆಯ ಸದ್ದಿನ ಮೇಲೆ ನಿಂತಿದ್ದವು. ನ್ಯೂ ಆರ್ಲಿಯನ್ಸ್‌ನ ಕ್ಯಾಶ್ ಮನಿಗೆ ಮ್ಯಾನಿ ಫ್ರೆಶ್, ಮೆಂಫಿಸ್‌ನ ತ್ರೀ ಸಿಕ್ಸ್ ಮಾಫಿಯಾಗೆ ಡಿಜೆ ಪಾಲ್ ಮತ್ತು ಜ್ಯೂಸಿ ಜೆ, ಅಟ್ಲಾಂಟಾದ ಔಟ್‌ಕಾಸ್ಟ್ ಮತ್ತು ಗೂಡಿ ಮಾಬ್‌ಗೆ ಆರ್ಗನೈಝ್ಡ್ ನಾಯ್ಸ್ ಎಂಬ ಮೂವರ ತಂಡ. ಮ್ಯಾನಿ ಫ್ರೆಶ್ ವರ್ಷಗಟ್ಟಲೆ ಇತರರ ಆಲ್ಬಮ್‌ಗಳನ್ನು ಅಡಿಯಿಂದ ಮುಡಿಯವರೆಗೆ ಕಟ್ಟಿಕೊಟ್ಟು, 2004ರಲ್ಲಿ ತಮ್ಮದೇ ಹೆಸರಿನಲ್ಲಿ ಒಂದನ್ನು ತಂದರು. ಅವರು ಸ್ವತಃ ರ‍್ಯಾಪ್ ಮಾಡಬಲ್ಲವರು. ಮೆಟ್ರೋ ಆ ದಾರಿಯನ್ನೇ ಹಿಡಿದು, ತಮ್ಮ ದನಿಯೇ ಬೇಡ ಎನ್ನುವಷ್ಟು ಮುಂದೆ ಹೋದರು. ಒಂದು ಸಣ್ಣ ತಿದ್ದುಪಡಿಯನ್ನೂ ಇಲ್ಲೇ ಹೇಳಬೇಕು: ಅವರು ಹುಟ್ಟಿದ್ದು ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ, ಅದು ದಕ್ಷಿಣಕ್ಕೆ ಸೇರಿದ್ದಲ್ಲ. ಹದಿಹರೆಯದಲ್ಲೇ ಅಟ್ಲಾಂಟಾಕ್ಕೆ ಹೋಗಿ ಬರುತ್ತಿದ್ದು, 2012ರಲ್ಲಿ ಅಲ್ಲಿನ ಮೋರ್‌ಹೌಸ್ ಕಾಲೇಜಿಗೆ ಸೇರುವ ನೆಪದಲ್ಲಿ ಊರು ಬದಲಿಸಿದರು. ಅವರ ಸದ್ದು ಮಾತ್ರ ಅಪ್ಪಟ ಅಟ್ಲಾಂಟಾದ್ದು.

ಈ ಸದ್ದಿನ ತಳಪಾಯ 808. ಜಪಾನಿನ ರೋಲ್ಯಾಂಡ್ ಕಂಪನಿ 1980ರಿಂದ 1983ರವರೆಗೆ ತಯಾರಿಸಿದ ಟಿಆರ್-808 ಡ್ರಮ್ ಮಷೀನಿನ ಕಿಕ್, ಅಂದರೆ ದಪ್ಪ ಡ್ರಮ್ಮಿನ ಪೆಟ್ಟು, ಅದು. ತಯಾರಾದದ್ದು ಸುಮಾರು 12 ಸಾವಿರ ಯಂತ್ರ. ಈಗ ಹೆಚ್ಚಿನವರು ಬಳಸುವುದು ಅದರ ಸ್ಯಾಂಪಲ್, ಅಂದರೆ ಮುದ್ರಿಸಿಟ್ಟ ಸದ್ದು. ಕಿಕ್‌ನ ಬಾಲವನ್ನು ಉದ್ದಕ್ಕೆ ಎಳೆದರೆ ಅದು ಬರೀ ಪೆಟ್ಟಾಗಿ ಉಳಿಯದೆ ಸ್ವರವಾಗುತ್ತದೆ, ಬೇಸ್ ಗಿಟಾರ್ ಮಾಡಬೇಕಾದ ಕೆಲಸವನ್ನೂ ತಾನೇ ಮಾಡುತ್ತದೆ. ಸ್ವರ ಅಂದ ಮೇಲೆ, ಮೃದಂಗವನ್ನು ಗಾಯಕರ ಶ್ರುತಿಗೆ ಸೇರಿಸಿಕೊಳ್ಳುವ ಹಾಗೆ, ಅದನ್ನೂ ಹಾಡಿನ ಶ್ರುತಿಗೆ ಸೇರಿಸಿಕೊಳ್ಳಬೇಕು. ಹೊಸಬರು ಎಡವುವುದು ಇಲ್ಲೇ. ಸ್ಯಾಂಪಲ್‌ನ ಮೂಲ ಸ್ವರ ಯಾವುದೆಂದು ನೋಡದೆ ಕೀಬೋರ್ಡಿನ ಮೇಲೆ ಹರಡಿಕೊಂಡರೆ, ಬೆರಳು ಸರಿಯಾದ ಕೀಲಿಯ ಮೇಲಿದ್ದರೂ ಕೆಳಗಿನ ಸದ್ದು ಬೇರೆ ಶ್ರುತಿಯಲ್ಲಿರುತ್ತದೆ. ತಳದ ಸ್ವರಗಳಲ್ಲಿ ಅಪಶ್ರುತಿ ಕಿವಿಗೆ ಬೇಗ ಗೊತ್ತಾಗುವುದಿಲ್ಲ. ‘ಹಾಡು ಯಾಕೋ ಕೂರುತ್ತಿಲ್ಲ’ ಎಂಬ ಅನುಮಾನವಷ್ಟೇ ಉಳಿಯುತ್ತದೆ. ಪರೀಕ್ಷೆ ಸುಲಭ: ಸ್ಯಾಂಪಲ್ಲನ್ನು ಎರಡು ಸ್ಥಾಯಿ ಮೇಲಕ್ಕೆ ಏರಿಸಿ ಪಿಯಾನೋ ಜೊತೆ ನುಡಿಸಿ, ಶ್ರುತಿ ಸರಿ ಮಾಡಿ, ಮತ್ತೆ ಕೆಳಗಿಳಿಸಬೇಕು.

ಎಷ್ಟು ಕೆಳಗೆ ಎಂಬುದೂ ಲೆಕ್ಕದ ಮಾತು. ತಳದ ‘ಇ’ ಸ್ವರ 41 ಹರ್ಟ್ಸ್, ‘ಜಿ’ 49, ‘ಎ’ 55. ಕ್ಲಬ್ಬಿನ ಸಬ್‌ವೂಫರ್ ಇವನ್ನೆಲ್ಲ ನುಡಿಸುತ್ತದೆ. ಫೋನಿನ ಸ್ಪೀಕರ್‌ನಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನದು ಬಹುತೇಕ ಇಲ್ಲವೇ ಇಲ್ಲ. ಅದಕ್ಕೆ 808ರ ಮೇಲೆ ಸ್ವಲ್ಪ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಚ್ಚುತ್ತಾರೆ. ಆಗ 41ರ ಜೊತೆಗೆ ಅದರ ಎರಡು, ಮೂರು, ನಾಲ್ಕು, ಐದು ಪಟ್ಟಾದ 82, 123, 164, 205 ಹರ್ಟ್ಸ್‌ಗಳಲ್ಲೂ ಅದಕ್ಕೂ ಮೇಲೆಯೂ ಸದ್ದು ಹುಟ್ಟುತ್ತದೆ. ಫೋನಿನಲ್ಲಿ ಮೇಲಿನವಷ್ಟೇ ಕೇಳಿದರೂ ಕಿವಿ ತಳದ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಡಿಸ್ಟಾರ್ಷನ್ ಹೆಚ್ಚಾದರೆ ಆ ಮೇಲಿನ ಸದ್ದು ರ‍್ಯಾಪರ್ ದನಿಯ ಎದೆಭಾಗವಾದ 150ರಿಂದ 300 ಹರ್ಟ್ಸ್‌ನಲ್ಲಿ ಗುಂಪುಗೂಡಿ ಮಾತು ಮಸುಕಾಗುತ್ತದೆ. ಇನ್ನೊಂದು ತೊಂದರೆ, ಒಂದು 808 ಮುಗಿಯುವ ಮೊದಲೇ ಇನ್ನೊಂದು ಶುರುವಾಗುವುದು. ಎರಡು ತಳಸ್ವರಗಳು ಒಂದರ ಮೇಲೊಂದು ಬಿದ್ದರೆ ಉಳಿಯುವುದು ಕೆಸರು. ಮೆಟ್ರೋ ಬಳಸುವ ಎಫ್‌ಎಲ್ ಸ್ಟುಡಿಯೋ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ‘ಕಟ್ ಇಟ್‌ಸೆಲ್ಫ್’ ಎಂಬ ಆಯ್ಕೆಯೇ ಇದೆ: ಹೊಸ ಪೆಟ್ಟು ಬಿದ್ದ ಕ್ಷಣ ಹಳೆಯದು ನಿಲ್ಲುತ್ತದೆ. ಬೇರೆ ಕಿಕ್ ಸೇರಿಸಿದ್ದರೆ ಅದರ ಉದ್ದವನ್ನು ಕತ್ತರಿಸಿ, 808ನ್ನು ಕೆಲವು ಮಿಲಿಸೆಕೆಂಡ್ ತಗ್ಗಿಸಿ ದಾರಿ ಬಿಡಬೇಕು. ಇಲ್ಲವಾದರೆ ಎರಡರ ಅಲೆಗಳು ಎದುರುಬದುರಾಗಿ ಒಂದನ್ನೊಂದು ನುಂಗಿಹಾಕುತ್ತವೆ, ವಾಲ್ಯೂಮ್ ಏರಿಸಿದರೂ ಪೆಟ್ಟು ಸಣ್ಣದಾಗಿಯೇ ಉಳಿಯುತ್ತದೆ.

ಲಯದ ವಿಷಯ ಬೇಗ ಹೇಳಿಬಿಡುತ್ತೇವೆ. ಪ್ರಾಜೆಕ್ಟ್ 140 ಬಿಪಿಎಂ (ನಿಮಿಷಕ್ಕೆ ಬೀಳುವ ಎಣಿಕೆ) ಎಂದಿದ್ದರೂ ಸ್ನೇರ್ ಡ್ರಮ್ಮಿನ ಪೆಟ್ಟು ಮೂರನೆಯ ಎಣಿಕೆಗೆ ಬೀಳುವುದರಿಂದ ಕೇಳುಗ ತಲೆದೂಗುವುದು 70ಕ್ಕೆ. ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಮಾತ್ರ 140ರಲ್ಲೇ ಓಡುತ್ತದೆ: ನಾಲ್ಕೆಣಿಕೆಯ ಆವರ್ತದ ಹದಿನಾರನೆಯ ಒಂದು ಭಾಗಕ್ಕೆ 107 ಮಿಲಿಸೆಕೆಂಡ್, ರೋಲ್ (ಎಡೆಬಿಡದ ಸಣ್ಣ ಪೆಟ್ಟುಗಳು) ಬಂದಾಗ 54ರಷ್ಟು, ನಡುನಡುವೆ ತಿಶ್ರ ನಡೆ. ನಿಧಾನ ಮತ್ತು ಓಟ ಎರಡೂ ಒಟ್ಟಿಗೇ ಇರುವುದರಿಂದ ರ‍್ಯಾಪರ್‌ಗೆ ಯಾವುದನ್ನು ಹಿಡಿದರೂ ನಡೆಯುತ್ತದೆ.

ಅತಿಥಿಗಳಿಗಾಗಿ ಬೀಟ್ ಕಟ್ಟುವಾಗ ಕಷ್ಟದ ಕೆಲಸ ತೆಗೆಯುವುದು, ಸೇರಿಸುವುದಲ್ಲ. 21 ಸ್ಯಾವೇಜ್ ಅವರದು ಏರಿಳಿತವಿಲ್ಲದ, ಪಿಸುಮಾತಿಗೆ ಹತ್ತಿರದ ತಗ್ಗು ದನಿ. ಅವರ ಹಿಂದೆ ದಟ್ಟ ಸಿಂಥಸೈಜರ್ ಸದ್ದು ಇಟ್ಟರೆ ಮಾತು ಮುಳುಗುತ್ತದೆ, ಬೀಟ್ ಖಾಲಿಯಿದ್ದಷ್ಟೂ ಬೆದರಿಕೆ ಕೇಳುತ್ತದೆ. ಡಾನ್ ಟಾಲಿವರ್ ಅವರದು ನಡುಗುವ ತಾರಸ್ಥಾಯಿ. ಅವರಿಗೆ ಅಗಲವಾಗಿ ಹರಡಿದ ಹಾಸು ಬೇಕು. ಎರಡನೆಯ ಟ್ರ್ಯಾಕ್ ‘ಸೂಪರ್‌ಹೀರೋ’ ಕೇಳಿ: ಫ್ಯೂಚರ್ ಇರುವಷ್ಟು ಹೊತ್ತು ತುತ್ತೂರಿಗಳ ಅಬ್ಬರ, ಕ್ರಿಸ್ ಬ್ರೌನ್ ಬರುವ ಕೊನೆಯ ಭಾಗದಲ್ಲಿ ಬೀಟೇ ಬದಲಾಗುತ್ತದೆ. ‘ವಾಕ್ ಎಮ್ ಡೌನ್’ನಲ್ಲಿ 21 ಸ್ಯಾವೇಜ್ ಮುಗಿಸಿದ ಮೇಲೆ ಲಯದ ಬಿಗಿ ಸಡಿಲಿ, ಮುಸ್ತಫಾ ಅವರ ಶೋಕದ ದನಿಗೆ ಹಾಡು ದಾರಿ ಬಿಡುತ್ತದೆ. ಒಂದೇ ಹಾಡಿನೊಳಗೆ ಇಬ್ಬರು ಅತಿಥಿಗಳಿಗೆ ಎರಡು ಕೋಣೆ ಕಟ್ಟುವ ಈ ನಿರ್ಧಾರ ಪ್ರೊಡ್ಯೂಸರ್‌ನದು. ಹಾಡಿದವರ ಹೆಸರನ್ನಷ್ಟೇ ಬರೆದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ದನಿಗಳು ಬೇರೆ ಬೇರೆ ಊರಿನ ಸ್ಟುಡಿಯೋಗಳಿಂದ ಬರುವಾಗ ಆಗುವ ಎಡವಟ್ಟುಗಳು ಇಲ್ಲಿನವರಿಗೂ ಚೆನ್ನಾಗಿ ಗೊತ್ತು. ಬೀಟ್ ಕಳಿಸುವಾಗ ಬಿಪಿಎಂ ಮತ್ತು ಶ್ರುತಿಯನ್ನು ಫೈಲಿನ ಹೆಸರಿನಲ್ಲೇ ಬರೆಯಬೇಕು. ಅಲ್ಲಿ ಶ್ರುತಿ ತಪ್ಪಾದರೆ ಅತಿಥಿಯ ಎಂಜಿನಿಯರ್ ದನಿಯ ಶ್ರುತಿ ತಿದ್ದುವ ಆಟೋ-ಟ್ಯೂನ್‌ನಲ್ಲಿ ತಪ್ಪು ಸ್ವರಗಳನ್ನೇ ಆರಿಸುತ್ತಾರೆ, ಸಂಸ್ಕರಿಸಿದ ದನಿ ಮಾತ್ರ ವಾಪಸು ಬಂದಿದ್ದರೆ ಅದನ್ನು ಬಿಡಿಸುವ ದಾರಿಯಿಲ್ಲ. ಆದ್ದರಿಂದ ಎಫೆಕ್ಟ್ ಇಲ್ಲದ ಫೈಲನ್ನೂ ಇರುವ ಫೈಲನ್ನೂ ಎರಡನ್ನೂ ಕೇಳಿ ತರಿಸಿಕೊಳ್ಳಬೇಕು. ಪ್ರತಿ ಫೈಲೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಬೇಕು, 24 ಬಿಟ್‌ನಲ್ಲಿರಬೇಕು, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದಿದೆ ಎಂಬ ಸಂಖ್ಯೆ) ಹೊಂದಬೇಕು. 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಆದ ದನಿಯನ್ನು 44.1 ಎಂದು ಓದಿಸಿದರೆ ಅದು ನಿಧಾನವಾಗುವುದಷ್ಟೇ ಅಲ್ಲ, ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಕೇಳಿದವರು ರ‍್ಯಾಪರ್ ತಾಳ ತಪ್ಪಿದರು ಎಂದು ದೂರುತ್ತಾರೆ. ಒಬ್ಬರದು ದೊಡ್ಡ ಮೈಕಿನ ಮೃದು ದನಿ, ಇನ್ನೊಬ್ಬರದು ಹೋಟೆಲ್ ರೂಮಿನ ಗೋಡೆಗಳ ಪ್ರತಿಧ್ವನಿ ಅಂಟಿದ ದನಿ. ಇಬ್ಬರನ್ನೂ ಒಂದೇ ಜಾಗದಲ್ಲಿ ನಿಲ್ಲಿಸಬೇಕಾದರೆ ಮೊದಲು ‘ಸ’ಕಾರದ ಸೀಟಿಯನ್ನು 5ರಿಂದ 8 ಕಿಲೋಹರ್ಟ್ಸ್ ನಡುವೆ ಇಳಿಸಿ, ಕಂಪ್ರೆಸರ್‌ನಲ್ಲಿ ಏರಿಳಿತ ಸಮ ಮಾಡಿ, ಕೊನೆಗೆ ಇಬ್ಬರಿಗೂ ಒಂದೇ ರಿವರ್ಬ್ (ಕೃತಕ ಅನುರಣನ) ಕೊಡಬೇಕು. ರಿವರ್ಬ್ ಮೊದಲೇ ಹಾಕಿದರೆ ಮುಂದಿನದೆಲ್ಲ ವ್ಯರ್ಥ.

ಹಾಡುಗಳನ್ನು ಒಂದಕ್ಕೊಂದು ಬೆಸೆದಿರುವ ರೀತಿಯನ್ನೂ ಈ ಆಲ್ಬಮ್‌ನಲ್ಲಿ ಗಮನಿಸಬೇಕು. ಒಂದರ ಬಾಲ ಇನ್ನೊಂದರ ತಲೆಗೆ ಸೇರುತ್ತದೆ. ಶಫಲ್‌ನಲ್ಲಿ ಹಾಕಿಕೊಂಡು ವಿಮರ್ಶೆ ಬರೆಯುವವರಿಗೆ ಇದು ಸಿಗುವುದಿಲ್ಲ. ಹೀಗೆ ಬೆಸೆಯುವವರು ಪೂರ್ತಿ ಆಲ್ಬಮ್ಮನ್ನು ಒಂದೇ ಟೈಮ್‌ಲೈನ್ ಮೇಲೆ ಮಾಸ್ಟರ್ ಮಾಡಿ (ಸದ್ದಿಗೆ ಕೊನೆಯ ರೂಪ ಕೊಟ್ಟು), ಅಲೆ ಸೊನ್ನೆಗೆ ಬರುವ ಜಾಗದಲ್ಲಿ ಕತ್ತರಿಸಬೇಕು, ಇಲ್ಲದಿದ್ದರೆ ಹಾಡು ಬದಲಾಗುವಾಗ ‘ಟಿಕ್’ ಎನ್ನುತ್ತದೆ. ಕೊಡುವುದು ವೇವ್ ಫೈಲ್‌ಗಳನ್ನೇ ಆಗಿರಬೇಕು, ಏಕೆಂದರೆ ಎಂಪಿ3 ಮಾಡಿದರೆ ಫೈಲಿನ ತುದಿಯಲ್ಲಿ ಕೂದಲೆಳೆಯಷ್ಟು ಮೌನ ಸೇರಿಕೊಂಡು ಬೆಸುಗೆ ಬಿಡುತ್ತದೆ. ಇನ್ನು ಸದ್ದಿನ ಮಟ್ಟ: ಸ್ಪಾಟಿಫೈ ಬಿಡಿ ಹಾಡುಗಳನ್ನು ಮೈನಸ್ 14 ಲಫ್ಸ್ (ಸದ್ದಿನ ಗಟ್ಟಿತನದ ಅಳತೆ) ಸುಮಾರಿಗೆ ತಂದು ನುಡಿಸುತ್ತದೆ. ಆದರೆ ಆಲ್ಬಮ್ಮನ್ನು ಸಾಲಾಗಿ ಕೇಳಿದಾಗ ಎಲ್ಲ ಹಾಡುಗಳನ್ನೂ ಒಂದೇ ಪ್ರಮಾಣದಲ್ಲಿ ಇಳಿಸುತ್ತದೆ. ಹಾಗಾಗಿ ಒಂಬತ್ತನೆಯ ಟ್ರ್ಯಾಕ್‌ನ ಇಂಟರ್‌ಲ್ಯೂಡ್‌ನಂಥ ಭಾಗಗಳನ್ನು ತಗ್ಗಿನಲ್ಲೇ ಬಿಡಬಹುದು. ಹೆದರಿ ಎಲ್ಲವನ್ನೂ ಒಂದೇ ಗಟ್ಟಿಗೆ ಏರಿಸುವ ಅಗತ್ಯವಿಲ್ಲ.

ಹತ್ತನೆಯ ಟ್ರ್ಯಾಕ್ ‘ಕ್ರೀಪಿನ್’ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ದಿ ವೀಕೆಂಡ್ ಮತ್ತು 21 ಸ್ಯಾವೇಜ್ ಇರುವ ಈ ಹಾಡು ಬಿಡಿ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 3ನೇ ಸ್ಥಾನದವರೆಗೆ ಏರಿತು. ಇದು ಮಾರಿಯೊ ವೈನನ್ಸ್ ಅವರ 2004ರ ಹಾಡಿನ ಮರುರೂಪ. ಆ ಹಾಡು ನಿಂತಿದ್ದು ಐರ್ಲೆಂಡಿನ ಗಾಯಕಿ ಎನ್ಯಾ ಅವರ 1980ರ ದಶಕದ ರಾಗದ ಮೇಲೆ, ಅದನ್ನು ರ‍್ಯಾಪ್‌ಗೆ ತಂದಿದ್ದು 1996ರಲ್ಲಿ ಫ್ಯೂಜೀಸ್ ತಂಡ, ಅದೂ ಮೊದಲಿಗೆ ಅನುಮತಿ ಕೇಳದೆ. ಇಂಥ ಸರಪಳಿಯ ತುದಿಯಲ್ಲಿ ಹಾಡು ಮಾಡುವವರು ಎರಡು ಬೇರೆ ಹಕ್ಕುಗಳನ್ನು ನೋಡಬೇಕಾಗುತ್ತದೆ: ರಾಗ ಮತ್ತು ಸಾಹಿತ್ಯದ ಹಕ್ಕು ಒಂದು, ಮೂಲ ಧ್ವನಿಮುದ್ರಣದ ಹಕ್ಕು ಇನ್ನೊಂದು. ಹೊಸದಾಗಿ ಹಾಡಿಸಿ ನುಡಿಸಿದರೆ ಮೊದಲನೆಯದು ಸಾಕು, ಹಳೆಯ ಮುದ್ರಣವನ್ನೇ ಕತ್ತರಿಸಿ ಹಾಕಿದರೆ ಎರಡೂ ಬೇಕು. ನಮ್ಮ ದೇಶಕ್ಕೆ ಸಂಬಂಧಿಸಿದ ಉದಾಹರಣೆಯೇ ಇದೆ. 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’ ಹಾಡಿಗೆ ಲತಾ ಮಂಗೇಶ್ಕರ್ ದನಿಯಿದ್ದ ಹಿಂದಿ ಚಿತ್ರಗೀತೆಯನ್ನು ಬಳಸಿದ್ದರು.  ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಮೊಕದ್ದಮೆ ಹೂಡಿದರು, ಅವರ ಹೆಸರು ಹಾಕದೆ ಆಲ್ಬಮ್ ಮಾರಕೂಡದು ಎಂದು ಲಾಸ್ ಏಂಜಲೀಸ್‌ನ ನ್ಯಾಯಾಲಯ 2003ರಲ್ಲಿ ತಡೆ ಕೊಟ್ಟಿತು. ಹಳೆಯ ಕನ್ನಡ ಚಿತ್ರಗೀತೆಯ ಎರಡು ಸಾಲು ಕತ್ತರಿಸಿ ಬೀಟ್ ಕಟ್ಟುವ ಹುಡುಗರು ಇದನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು.

ಪಾಲಿನ ಲೆಕ್ಕವನ್ನೂ ಬಿಡಿಸಿ ಹೇಳುತ್ತೇವೆ. ಅಮೆರಿಕದ ರ‍್ಯಾಪ್‌ನಲ್ಲಿ ರೂಢಿ ಏನೆಂದರೆ ಹಾಡಿನ ರಚನೆಯ ಹಕ್ಕಿನಲ್ಲಿ ಅರ್ಧ ಬೀಟ್‌ಗೆ, ಅರ್ಧ ಸಾಹಿತ್ಯಕ್ಕೆ. ಇಬ್ಬರು ರ‍್ಯಾಪರ್‌ಗಳು, ಒಬ್ಬ ಮುಖ್ಯ ಪ್ರೊಡ್ಯೂಸರ್, ಇಬ್ಬರು ಸಹ-ಪ್ರೊಡ್ಯೂಸರ್‌ಗಳು ಇದ್ದರೆ ರ‍್ಯಾಪರ್‌ಗಳಿಗೆ ಶೇ 25ರಂತೆ, ಮುಖ್ಯ ಪ್ರೊಡ್ಯೂಸರ್‌ಗೆ ಶೇ 25, ಸಹ-ಪ್ರೊಡ್ಯೂಸರ್‌ಗಳಿಗೆ ಶೇ 12.5ರಂತೆ ಬರಬಹುದು. ಸ್ಯಾಂಪಲ್‌ನವರು, ಅಂದರೆ ಕತ್ತರಿಸಿ ಬಳಸಿದ ಹಳೆಯ ಹಾಡಿನ ಹಕ್ಕುದಾರರು, ಶೇ 50 ಕೇಳಿದರೆ ಈ ಎಲ್ಲ ಅಂಕಿಗಳೂ ಅರ್ಧವಾಗುತ್ತವೆ. ಹಾಡು ಮುಗಿದ ದಿನವೇ ಇದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು. ಹಾಡು ಗೆದ್ದ ಮೇಲೆ ಪ್ರತಿಯೊಬ್ಬರಿಗೂ ತಮ್ಮ ಪಾಲು ದೊಡ್ಡದಾಗಿ ನೆನಪಾಗುತ್ತದೆ. ನೋಂದಾಯಿಸಿದ ಪಾಲುಗಳ ಮೊತ್ತ 100 ದಾಟಿದರೆ ರಾಯಧನ ಸಂಗ್ರಹಿಸುವ ಸಂಸ್ಥೆ ಹಣ ತಡೆಹಿಡಿಯುತ್ತದೆ. ಮೆಟ್ರೋ ಆಲ್ಬಮ್‌ನಲ್ಲೂ ಅಲನ್ ರಿಟರ್, ಆನರಬಲ್ ಸಿ-ನೋಟ್ ಮುಂತಾದ ಸಹ-ಪ್ರೊಡ್ಯೂಸರ್‌ಗಳಿದ್ದಾರೆ. ಎಲ್ಲವನ್ನೂ ಒಬ್ಬರೇ ಮಾಡಿದರು ಎಂದು ಬರೆಯುವುದೂ ತಪ್ಪಾಗುತ್ತದೆ. ಅತಿಥಿಯನ್ನು ಹಾಡಿನ ಮುಖ್ಯ ಕಲಾವಿದರ ಸಾಲಿನಲ್ಲಿ ಸೇರಿಸುವುದೋ, ಫೀಚರ್ ಎಂದು ಹಾಕುವುದೋ ಎಂಬುದೂ ಬರೀ ಮರ್ಯಾದೆಯ ಮಾತಲ್ಲ: ಮುಖ್ಯ ಕಲಾವಿದರಾದರೆ ಹಾಡು ಸ್ಟ್ರೀಮಿಂಗ್ ಆ್ಯಪ್‌ನ ಅವರ ಸ್ವಂತ ಪುಟದಲ್ಲಿ ಕಾಣಿಸುತ್ತದೆ, ಫೀಚರ್ ಆದರೆ ಕೆಳಗಿನ ಸಾಲಿಗೆ ಹೋಗುತ್ತದೆ.

ಇಷ್ಟೆಲ್ಲ ಅಮೆರಿಕದ ವಿಷಯ ನಮಗೇಕೆ ಎನ್ನುವವರಿಗೆ ಒಂದು ಮಾತು. ಹ್ಯೂಸ್ಟನ್‌ನಲ್ಲಿ ಬೆಳೆದು ಬೆಂಗಳೂರಿನಲ್ಲಿ ರ‍್ಯಾಪರ್ ಆದ ಹನುಮಾನ್‌ಕೈಂಡ್ ಅವರ ‘ಬಿಗ್ ಡಾಗ್ಸ್’ 2024ರ ಜುಲೈನಲ್ಲಿ ಬಂದು ಬಿಲ್‌ಬೋರ್ಡ್ ಹಾಟ್ 100ರಲ್ಲಿ 23ನೇ ಸ್ಥಾನ ತಲುಪಿತು. ದಕ್ಷಿಣದ ರ‍್ಯಾಪ್‌ನ (ಅಮೆರಿಕದ ದಕ್ಷಿಣ) ನಡೆ ಆ ಹಾಡಿನ ಮೈತುಂಬ ಇದೆ. ಜಾತ್ರೆಯ ಸಾವಿನ ಬಾವಿಯಲ್ಲಿ ಚಿತ್ರೀಕರಿಸಿದ ವಿಡಿಯೊ ಬಗ್ಗೆ ಎಲ್ಲರೂ ಬರೆದರು. ಬೀಟ್ ಕಟ್ಟಿದ ಕಲ್ಮಿ ಅವರ ಹೆಸರು ಹಾಡಿನ ಹೆಸರಿನ ಪಕ್ಕದಲ್ಲೇ ಇದ್ದರೂ ಎಷ್ಟೋ ವರದಿಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಕನ್ನಡ ರ‍್ಯಾಪ್‌ನಲ್ಲಿ ಇದರ ಪರಿಣಾಮ ನೇರವಾಗಿ ಹೊಟ್ಟೆಗೆ ತಟ್ಟುತ್ತದೆ. ಬೀಟ್ ಮಾಡಿದವರಿಗೆ ಒಂದು ಸಲ ಸ್ವಲ್ಪ ದುಡ್ಡು ಕೊಟ್ಟು, ಕಾಗದವಿಲ್ಲದೆ, ಹೆಸರಿಲ್ಲದೆ ಮುಗಿಸುವುದು ಸಾಮಾನ್ಯ. ಅಂತರ್ಜಾಲದಲ್ಲಿ ಬಾಡಿಗೆಗೆ ಸಿಗುವ ಬೀಟ್ ಕೊಂಡವರ ಕಥೆ ಇನ್ನೊಂದು: ಅಗ್ಗದ ಪರವಾನಗಿ ಇಂತಿಷ್ಟು ಸ್ಟ್ರೀಮ್‌ಗಳವರೆಗೆ ಮಾತ್ರ, ಅದೇ ಬೀಟ್ ಇನ್ನೂ ಹತ್ತು ಜನರ ಬಳಿ ಇರುತ್ತದೆ, ಅವರಲ್ಲಿ ಒಬ್ಬರು ಯೂಟ್ಯೂಬ್‌ನಲ್ಲಿ ಹಕ್ಕು ನೋಂದಾಯಿಸಿದರೆ ಉಳಿದವರ ಹಾಡಿನ ಆದಾಯವೂ ಅವರತ್ತ ತಿರುಗುತ್ತದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ, ಸಂಗೀತವನ್ನು ಸ್ವರಲಿಪಿಯಲ್ಲಿ ಬರೆದಿರಲಿ ಬಿಡಲಿ, ರಚಿಸಿದವರನ್ನು ಸಂಯೋಜಕರೆಂದೇ ಗುರುತಿಸುತ್ತದೆ. 2012ರ ತಿದ್ದುಪಡಿಯ ಪ್ರಕಾರ ಸಾಹಿತ್ಯ ಬರೆದವರೂ ಸಂಗೀತ ರಚಿಸಿದವರೂ ರಾಯಧನದ ಸಮಪಾಲಿನ ಹಕ್ಕನ್ನು ಬಿಟ್ಟುಕೊಡುವಂತೆ ಬರೆಸಿಕೊಳ್ಳುವ ಹಾಗಿಲ್ಲ. ಆ ಪಾಲು ಕೈಸೇರಬೇಕಾದರೆ ರಾಯಧನ ಸಂಗ್ರಹಿಸಿ ಹಂಚುವ ಇಲ್ಲಿನ ಸಂಸ್ಥೆಯಾದ ಐಪಿಆರ್‌ಎಸ್‌ನ ಸದಸ್ಯತ್ವ ಪಡೆದು ಪ್ರತಿ ಹಾಡನ್ನೂ ಪಾಲಿನ ಸಮೇತ ದಾಖಲಿಸಬೇಕು. ದಾಖಲೆಗೆ ಹೆಸರು ಬೇಕು. ಪತ್ರಿಕೆಯಲ್ಲಿ ಅಚ್ಚಾದ ಹೆಸರು ಮುಂದೆ ಜಗಳ ಬಂದಾಗ ತೋರಿಸಲು ಒಂದು ಆಧಾರವಾದರೂ ಆಗುತ್ತದೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಆಲ್ಬಮ್ ಪರಿಚಯದ ಕೆಳಗೆ ನಾಲ್ಕು ಸಾಲಿನ ಒಂದು ಚೌಕಟ್ಟು ಕೊಡಿ: ಬೀಟ್ ಯಾರದು, ಸಹ-ಪ್ರೊಡ್ಯೂಸರ್‌ಗಳು ಯಾರು, ಸ್ಯಾಂಪಲ್ ಇದ್ದರೆ ಎಲ್ಲಿಯದು, ಮಿಕ್ಸಿಂಗ್ ಮತ್ತು ಮಾಸ್ಟರಿಂಗ್ ಯಾರದು. ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಹೆಚ್ಚಿನ ಹೆಸರುಗಳು ಸಿಗುತ್ತವೆ. ಅಲ್ಲಿ ಇಲ್ಲದಿದ್ದರೆ, ಕನ್ನಡದ ಆಲ್ಬಮ್ ಆಗಿದ್ದಲ್ಲಿ, ರ‍್ಯಾಪರ್‌ಗೆ ಒಂದು ಫೋನ್ ಮಾಡಿ ಕೇಳಿ. ಹಿಂದೇಟು ಹಾಕಿದರೆ ‘ಬೀಟ್ ಕಟ್ಟಿದವರ ಹೆಸರು ಕೊಟ್ಟಿಲ್ಲ’ ಎಂದೇ ಆ ಸಾಲಿನಲ್ಲಿ ಅಚ್ಚು ಹಾಕಿ.

ಇಂತಿ,
ಕೆಲವು ಬೀಟ್‌ಮೇಕರ್‌ಗಳು ಮತ್ತು ಮಿಕ್ಸಿಂಗ್ ಎಂಜಿನಿಯರ್‌ಗಳು
ಬೆಂಗಳೂರು